ತಮ್ಮನ ಕಚ್ಚಾ ಲೈಸೆನ್ಸು

ನನ್ನ ತಮ್ಮನಿಗೆ ನಾನು ಒಂದು ಮಾತು ಹೇಳುವುದಿತ್ತು. ಹೇಳಲಿಲ್ಲ. ಹೇಳಿದ್ದರೆ ಬೀಡಿ ಹಚ್ಚಿಕೊಳ್ಳುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. ಅದು ನನ್ನ ಸ್ವಂತ ಮಾತೂ ಅಲ್ಲ, ಅವನಿಗೆ ಮುಟ್ಟಿಸಲೆಂದು ಇನ್ನೊಬ್ಬರು ನನ್ನ ಹತ್ತಿರ ಕೊಟ್ಟು ಕಳಿಸಿದ್ದು. ಅದನ್ನು ಹದಿನಾರು ವರ್ಷ ಬಾಯೊಳಗೇ ಇಟ್ಟುಕೊಂಡು ತಿರುಗಿದೆ. ಅಡಕೆಯಾಗಿದ್ದರೂ ಅಷ್ಟರಲ್ಲಿ ಕರಗುತ್ತಿತ್ತು.

ಮಾತು ಮತ್ತೆ ಎದ್ದು ಕೂತದ್ದು ಒಂದು ತಗಡಿನ ದೆಸೆಯಿಂದ. ಖಾನಾಪುರದಲ್ಲಿ ನನ್ನ ಮನೆಗೂ ತಮ್ಮ ಈರಪ್ಪನ ಮನೆಗೂ ನಡುವೆ ಒಂದು ಗೋಡೆ ಮಾತ್ರ. ಬೆಳಿಗ್ಗೆ ಒಂದು ಚಹಾ ನನ್ನ ಮನೆಯಲ್ಲಿ, ಇನ್ನೊಂದು ಅವನ ಮನೆಯಲ್ಲಿ ಕುಡಿಯುವುದು ನನ್ನ ರೂಢಿ. ಆ ದಿನ ಅವನ ಹಿತ್ತಲಲ್ಲಿ ಬಚ್ಚಲ ಕಟ್ಟೆಯ ಮೇಲೆ ಎರಡನೆಯ ಚಹಾ ಹಿಡಿದು ಕುಳಿತಿದ್ದೆ. ಅವನ ಮಗಳು ಶೋಭಾ ನೀರು ಕಾಯಿಸುವ ಹಂಡೆಯ ಹತ್ತಿರ ಬಂದು, ಅದರ ಮೇಲೆ ಮುಚ್ಚಿದ್ದ ತಗಡನ್ನು ಇಕ್ಕಳದಿಂದ ಎತ್ತಿದಳು. ತಣ್ಣೀರಲ್ಲಿ ಅದ್ದಿ ಬೂದಿ ಹಾಕಿ ತಿಕ್ಕತೊಡಗಿದಳು. ಮಸಿಯ ಕೆಳಗಿನಿಂದ ಮೊದಲು ಬಿಳಿ ಬಣ್ಣ ಹೊರಬಂತು. ಆಮೇಲೆ ಕೆಂಪು ಬಣ್ಣದ ಒಂದು ಇಂಗ್ಲಿಷ್ ಅಕ್ಷರ.

"ದೊಡ್ಡಪ್ಪಾ, ಇದನ್ನ ನನ್ನ ಗಾಡಿಗೆ ಕಟ್ಟತೇನಿ. ಹೊಸಾದು ಯಾಕ ಬೇಕು?" ಅಂದಳು.

ಚಹಾ ನನ್ನ ನೆತ್ತಿಗೆ ಹತ್ತಿತು. ತಮ್ಮನ ಹೆಂಡತಿ ನೀಲವ್ವ ಒಳಗಿನಿಂದ, "ಭಾವಾರ, ಸಾವಕಾಶ ಕುಡೀರಿ, ಇನ್ನೊಂದ ಬಸಿ ಐತಿ" ಅಂದಳು. ನಾನು ಅವಸರಕ್ಕೆ ಕೆಮ್ಮುತ್ತಿದ್ದೇನೆ ಎಂದು ಅವಳು ತಿಳಿದಿರಬೇಕು.

ನಾನು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವನು. ಇಂಗ್ಲಿಷಿನಲ್ಲಿ ನನಗೆ ಬರುವುದು ಆ ತಗಡಿನ ಮೇಲಿದ್ದ ಎಲ್ ಅಕ್ಷರ ಒಂದೇ. ಎರಡನೆಯದನ್ನು ಇನ್ನೂ ಕಲಿಯಬೇಕಾಗಿದೆ. ಗಾಡಿ ಕಲಿಯುವವರು ಹಿಂದೆ ಮುಂದೆ ಅದನ್ನು ಕಟ್ಟಿಕೊಂಡು ತಿರುಗಬೇಕು. ಕಲಿಯುವವರಿಗೆ ಕೊಡುವ ಕಾಗದಕ್ಕೆ ನಮ್ಮ ಕಡೆ ಕಚ್ಚಾ ಲೈಸೆನ್ಸು ಅನ್ನುತ್ತಾರೆ. ಪರೀಕ್ಷೆ ಪಾಸಾದ ಮೇಲೆ ಸಿಗುವುದು ಪಕ್ಕಾ. ಮಣ್ಣಿನ ಕೆಲಸದ ಊರಾದ್ದರಿಂದ ನಮಗೆ ಈ ಎರಡು ಶಬ್ದಗಳನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಭಟ್ಟಿಗೆ ಹೋಗುವ ಮೊದಲಿನ ಹಂಚು ಕಚ್ಚಾ, ಬಂದ ಮೇಲಿನದು ಪಕ್ಕಾ. ನಡುವೆ ಬೆಂಕಿ.

ನಮ್ಮ ಅಪ್ಪ ಹಂಚಿನ ಗಾಡಿ ಹೊಡೆಯುತ್ತಿದ್ದ. ಬೆಳಗಾವಿ, ಶಹಾಪುರದ ಎಷ್ಟೋ ಮನೆಗಳ ಚಾವಣಿಯ ಹಂಚು ನಮ್ಮೂರಿನ ಭಟ್ಟಿಗಳಿಂದ ಹೋದದ್ದು. ಶಹಾಪುರದ ನೇಕಾರರು ಮಗ್ಗದ ಮೇಲೆ ಒಂದು ಹನಿ ಸೋರಿದರೂ ಸಹಿಸುವವರಲ್ಲ. ಹಂಚನ್ನು ಬೆರಳಿನಿಂದ ಬಾರಿಸಿ, ಅದರ ನಾದ ಕೇಳಿ ಇಳಿಸಿಕೊಳ್ಳುತ್ತಿದ್ದರು. ಮುಂಜಾನೆ ಎತ್ತು ಕಟ್ಟಿದರೆ ಅಪ್ಪ ಬೆಳಗಾವಿ ಮುಟ್ಟುವಾಗ ಹೊತ್ತು ಇಳಿದಿರುತ್ತಿತ್ತು. ಅಷ್ಟು ನಿಧಾನ. ಅವನ ಶಾಸ್ತ್ರ ಒಂದೇ: "ಬಾವಿ ಕಡೆ ನಿಂದ್ರಬೇಕಂದ್ರ ಹುಣಸಿ ಗಿಡದ ಕಡೆನ ನಿಂದ್ರಾಕ ಸುರು ಮಾಡಬೇಕು." ಹಗ್ಗ ಜಗ್ಗಿ ಎತ್ತು ನಿಲ್ಲಿಸಿದವನನ್ನು ಅವನು ಗಾಡಿಯವನೆಂದೇ ಲೆಕ್ಕಿಸುತ್ತಿರಲಿಲ್ಲ. ನಿಲ್ಲುವುದು ಎತ್ತಿಗೆ ಗೊತ್ತಾಗಬಾರದು, ಹಂಚಿಗಂತೂ ಗೊತ್ತಾಗಲೇಬಾರದು.

ಹಂಚು ಒಡೆದರೆ ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ನಮ್ಮ ಭಟ್ಟಿಯಲ್ಲಿ ಪಗಾರ ಮುರಿಯುವ ಪದ್ಧತಿ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು. ದಾರಿಯಲ್ಲಿ ಒಡೆದ ಹಂಚನ್ನು ಆ ಗಾಡಿಯವನೇ ತನ್ನ ಮನೆಗೆ ಒಯ್ಯಬೇಕು. ಮನೆಯ ಮುಂದೆ ರಾಶಿ ಬೀಳುತ್ತಿತ್ತು. ಓಣಿಯಲ್ಲಿ ನಡೆದು ಹೋದರೆ ಯಾರ ಕೈ ಎಂಥದು ಎಂದು ಕೇಳದೆಯೇ ತಿಳಿಯುತ್ತಿತ್ತು. ಹೆಣ್ಣು ಕೊಡಲು ಬಂದವರೂ ಮೊದಲು ರಾಶಿ ನೋಡುತ್ತಿದ್ದರು. ನಮ್ಮ ಅಪ್ಪನ ಮನೆಯ ಮುಂದೆ ರಾಶಿಯೇ ಇರಲಿಲ್ಲ. ಬಚ್ಚಲಿಗೆ ಹಾಸಲು ಒಡಕು ಹಂಚು ಬೇಕಾದಾಗ ಅವ್ವ ನೆರೆಮನೆಗೆ ಬುಟ್ಟಿ ಹಿಡಿದು ಹೋಗುತ್ತಿದ್ದಳು. "ನಮ್ಮ ಮನ್ಯಾಗ ಒಂದ ಚೂರೂ ಇಲ್ಲವ್ವಾ" ಎಂದು ಆಕೆ ಬೇಕಂತಲೇ ನಾಲ್ಕು ಮನೆಗೆ ಕೇಳುವಂತೆ ಹೇಳುತ್ತಿದ್ದಳು.

ಆ ಕೊರತೆಯನ್ನು ನಾನು ತುಂಬಿದೆ.

ಎತ್ತಿನ ಗಾಡಿಗಳು ಹೋಗಿ ಭಟ್ಟಿಯ ಮಾಲಕರು ಒಂದು ಲಾರಿ ತಂದರು. ನಾನು ಮೊದಲು ಕ್ಲೀನರ್ ಆದೆ, ಆಮೇಲೆ ಲೈಸೆನ್ಸು ತೆಗೆಸಿ ಡ್ರೈವರ್ ಆದೆ. ಬೆಳಗಾವಿಯ ಆಫೀಸಿನಲ್ಲಿ ಒಂದೇ ಏಟಿಗೆ ಪಾಸಾದೆ. ಇನ್‌ಸ್ಪೆಕ್ಟರ್ ಸಾಹೇಬರು "ನಿಲ್ಸು" ಅಂದ ಕೂಡಲೇ ನಾನು ಬ್ರೇಕು ತುಳಿದ ರೀತಿಗೆ ಅವರ ಟೊಪ್ಪಿಗೆ ಕಾಲ ಬಳಿ ಬಿದ್ದಿತ್ತು. ಅವರು ಅದನ್ನು ಎತ್ತಿ ಝಾಡಿಸಿಕೊಂಡು, "ಸರಿ" ಎಂದು ಬರೆದರು. ಆದರೆ ಹಂಚಿಗೆ ಟೊಪ್ಪಿಗೆಯ ತಾಳ್ಮೆ ಇಲ್ಲ. ಎರಡು ವರ್ಷದೊಳಗೆ ನಮ್ಮ ಬಚ್ಚಲು, ಹಿತ್ತಲು, ದನದ ಕೊಟ್ಟಿಗೆ ಎಲ್ಲಕ್ಕೂ ಹಂಚಿನ ಚೂರಿನ ಹಾಸುಗೆ ಬಂತು. ಆದರೂ ರಾಶಿ ಕರಗಲಿಲ್ಲ. ಹೊಸಬರು ಯಾರಾದರೂ "ಮಲ್ಲಪ್ಪ ಡ್ರೈವರನ ಮನಿ ಯಾವುದ್ರಿ?" ಎಂದು ಕೇಳಿದರೆ ಓಣಿಯವರು, "ಅಲ್ಲಿ ಗುಡ್ಡ ಕಾಣತೈತಲ್ಲ, ಅದರ ಹಿಂದ" ಅನ್ನುತ್ತಿದ್ದರು. ಅಪ್ಪ ತೀರಿಕೊಂಡಿದ್ದ, ಪುಣ್ಯ.

ಈರಪ್ಪ ನನಗಿಂತ ಎಂಟು ವರ್ಷ ಚಿಕ್ಕವನು. ಮಾತು ಕಡಿಮೆ. ಅಪ್ಪನ ಗಾಡಿಯ ಮೂಕಿಯ ಮೇಲೆ ಕೂತು ಬೆಳೆದವನು ಅವನೇ. ನಾನು ಹಿಂದೆ ಹುಲ್ಲಿನಲ್ಲಿ ಮಲಗಿಬಿಡುತ್ತಿದ್ದೆ. ನಾನು ಡ್ರೈವರ್ ಆದಾಗ ಅವನು ನನ್ನ ಕ್ಲೀನರ್ ಆದ. ಎಪ್ಪತ್ತರ ದಶಕ ಆಗಷ್ಟೇ ಸುರುವಾಗಿತ್ತು, ಅವನಿಗೆ ಮದುವೆಯಾಗಿ ಶೋಭಾ ಹುಟ್ಟಿ ಮೂರು ವರ್ಷವಾಗಿತ್ತು. ಒಂದು ದಿನ ಮಾಲಕರ ಅಪ್ಪಣೆ ಪಡೆದು, ಬೇರೆಯವರ ಕೋಟು ಹಾಕಿಕೊಂಡು ಫೋಟೋ ತೆಗೆಸಿ, ಅವನು ಕಚ್ಚಾ ಲೈಸೆನ್ಸು ಮಾಡಿಸಿದ. ಪೇಂಟರನ ಹತ್ತಿರ ಎರಡು ತಗಡು ಬರೆಸಿದ. ಒಂದನ್ನು ಶೋಭಾ ಊಟದ ತಾಟು ಎಂದು ತಿಳಿದು ಅದರಲ್ಲೇ ಅನ್ನ ಹಾಕಿಸಿಕೊಂಡಳು.

ಕಾಯದೆಯ ಪ್ರಕಾರ ಕಚ್ಚಾದವನ ಬಾಜು ಪಕ್ಕಾದವನು ಕೂತಿರಬೇಕು. ಕೂತೆ. ಖಾನಾಪುರದಿಂದ ಬೆಳಗಾವಿವರೆಗೆ ತುಂಬಿದ ಲಾರಿಯನ್ನು ಅವನು ಮೊದಲ ಸಲ ಒಯ್ದಾಗ ನನಗೆ ನಿದ್ದೆ ಹತ್ತಿತು. ಎಚ್ಚರಾದಾಗ ಲಾರಿ ನಿಂತಿತ್ತು. ನಿಂತದ್ದು ಗೊತ್ತಾಗಿರಲಿಲ್ಲ. ಶಹಾಪುರದಲ್ಲಿ ಇಳಿಸಿ ನೋಡಿದರೆ ಒಂದೂ ಒಡೆದಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಮಾಲಕರೇ ಬಂದು ನಿಂತು ಇಳಿಸುವುದನ್ನು ನೋಡಿದರು. ಆಮೇಲೆ ನನ್ನನ್ನು ಬಾಜುಕ್ಕೆ ಕರೆದು ಹೆಗಲ ಮೇಲೆ ಕೈ ಇಟ್ಟರು.

"ಮಲ್ಲಪ್ಪಾ, ಇವ ಪಕ್ಕಾ ಲೈಸನ್ಸ ತರಲಿ, ಗಾಡಿ ಇವನ ಕೈಯಾಗ ಕೊಡೂಣು. ನೀ ಭಟ್ಟಿ ಅಂಗಳಾ ನೋಡ್ಕೊ. ಪಗಾರದಾಗ ಏನೂ ಫರಕ ಇಲ್ಲ. ಗಾಡಿ ನಿಮ್ಮ ಮನ್ಯಾಗ ಉಳೀತೈತಿ, ಹೌದಲ್ಲೋ?"

"ಹೌದ್ರಿ ಮಾಲಕ್ರ" ಅಂದೆ. ಖರೆಯೇ, ಫರಕು ಇರಲಿಲ್ಲ. ಆದರೆ ಡ್ರೈವರ್ ಸೀಟು ನೆಲದಿಂದ ಎಷ್ಟು ಎತ್ತರ ಇರುತ್ತದೆ ಎಂಬುದು ಕೂತವನಿಗೇ ಗೊತ್ತು. ಹೋಟೆಲಿನವನು ದೂರದಿಂದ ನೋಡಿ ಚಹಾಕ್ಕೆ ಹಾಲು ಜಾಸ್ತಿ ಹಾಕುವುದು, ಹಾರ್ನ್ ಕೇಳಿ ಮಕ್ಕಳು ಓಡಿಬರುವುದು, ನಾಲ್ಕನೆಯ ಇಯತ್ತೆಯವನಿಗೂ ಮಂದಿ "ಬರ್ರಿ, ಕುಂದರ್ರಿ ಡ್ರೈವರ ಸಾಹೇಬ್ರ" ಅನ್ನುವುದು. ಅಂಗಳದಲ್ಲಿ ಏನಿದೆ? ಧೂಳು ಮತ್ತು ಕೆಳಗೆ ನಿಂತು ಮೇಲಿದ್ದವನನ್ನು ಮಾತಾಡಿಸುವ ಕೆಲಸ. ಅದೂ ಎಂಟು ವರ್ಷ ಚಿಕ್ಕವನನ್ನು.

ಪರೀಕ್ಷೆಯ ದಿನ ಖಾಲಿ ಲಾರಿ ತೆಗೆದುಕೊಂಡು ಬೆಳಗಾವಿಗೆ ಹೋದೆವು. ನನ್ನನ್ನು ಕೆಳಗಿಳಿಸಿ ಸಾಹೇಬರು ಹತ್ತಿದರು. ಅವರು ಮೈಸೂರು ಕಡೆಯವರು, ತೂಕದ ಮನುಷ್ಯ, ಮಾತು ಎಣಿಸಿ ಆಡುವವರು. ನಾನು ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದೆ. ಲಾರಿ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೊರಟಿತು, ತಿರುಗಿತು, ದಿನ್ನೆ ಹತ್ತಿ ಇಳಿಯಿತು. ನೇರ ರಸ್ತೆಯಲ್ಲಿ ಬರುವಾಗ ಸಾಹೇಬರು ಕೈ ಎತ್ತಿದ್ದು ಕಾಣಿಸಿತು, "ನಿಲ್ಸು" ಅಂದಿರಬೇಕು. ಲಾರಿ ನಿಂತಿತು. ಆದರೆ ಮೂವತ್ತು ಹೆಜ್ಜೆ ಮುಂದೆ ಬಂದು, ಮಲಗುವ ಎಮ್ಮೆಯ ಹಾಗೆ, ಮೆಲ್ಲಗೆ. ಖಾಲಿ ಲಾರಿ! ಆದರೂ ಈರಪ್ಪನಿಗೆ ಹಿಂದೆ ಹಂಚೇ ಕಾಣುತ್ತಿದ್ದವು.

ಸಾಹೇಬರು ಇಳಿದು ನೇರ ನನ್ನ ಹತ್ತಿರ ಬಂದರು. ಈರಪ್ಪ ಲಾರಿಯನ್ನು ನೆರಳಿಗೆ ಹಚ್ಚಲು ಹೋಗಿದ್ದ.

"ಅವನು ನಿಮ್ಮ ತಮ್ಮನೇನ್ರೀ?"

"ಹೌದ್ರಿ ಸಾಹೇಬ್ರ."

"ಕೈ ಬಹಳ ಚೆನ್ನಾಗಿದೆ. ಆದ್ರೆ ನಿಲ್ಲು ಅಂದ ಕಡೆ ನಿಲ್ಲಲ್ಲ. ಮಗು ಅಡ್ಡ ಬಂದ್ರೆ ಏನು ಗತಿ? ನಿಲ್ಲು ಅಂದ ತಕ್ಷಣ ಒತ್ತಿ ನಿಲ್ಲಿಸಬೇಕು ಅಂತ ಹೇಳಿಕೊಡಿ. ಅದೊಂದು ಕಲಿತರೆ ಕಣ್ಣು ಮುಚ್ಚಿ ಪಾಸು ಮಾಡ್ತೀನಿ."

ಇದೇ ಆ ಮಾತು.

ಈರಪ್ಪ ಓಡುತ್ತ ಬಂದ. ಮುಖದಲ್ಲಿ ನಗು. "ನೋಡಿದ್ಯಾ ಅಣ್ಣಾ, ನಿಂದ್ರಸಿದಾಗ ಸಾಹೇಬ್ರ ಕೈಯಾಗಿನ ಕಾಗದ ಸೈತ ಅಳ್ಳಾಡಲಿಲ್ಲ!" ಅಂದ. ಅಷ್ಟರಲ್ಲಿ ಕಿಟಕಿಯ ಗುಮಾಸ್ತರು ಕರೆದು ಅವನ ಕಾಗದ ಕೊಟ್ಟರು. ನಪಾಸು. ಕಾರಣ ಇಂಗ್ಲಿಷಿನಲ್ಲಿ ಬರೆದಿತ್ತು. ಅವನು ಏಳನೆಯ ಇಯತ್ತೆ ಓದಿದವನಾದರೂ ಆ ಅಕ್ಷರ ಅವನಿಗೂ ಹತ್ತಲಿಲ್ಲ. ಗುಮಾಸ್ತರು ಪಾಠ ಒಪ್ಪಿಸಿದಂತೆ ಹೇಳಿದರು: ಏಳು ದಿನ ಬಿಟ್ಟು ಬರಬಹುದು, ಆಗಲೂ ಆಗದಿದ್ದರೆ ಮತ್ತೆ ಏಳು ದಿನ, ಮೂರನೆಯದೂ ಹೋದರೆ ಎರಡು ತಿಂಗಳು ಈ ಕಡೆ ತಲೆ ಹಾಕುವಂತಿಲ್ಲ, ಗಾಡಿ ನಿಮ್ಮದೇ ತರಬೇಕು, ಪಕ್ಕಾ ಲೈಸೆನ್ಸಿನವನು ಜೊತೆಗಿರಬೇಕು, ಅಷ್ಟರಲ್ಲಿ ಕಚ್ಚಾ ಕಾಗದದ ಮುದ್ದತು ಮುಗಿದರೆ ಎಲ್ಲಾ ಮೊದಲಿನಿಂದ.

ಊರಿಗೆ ತಿರುಗುವಾಗ ಅವನು ಕೇಳಿದ. "ಸಾಹೇಬ್ರು ನಿನಗ ಏನೋ ಹೇಳತಿದ್ರಲ್ಲ ಅಣ್ಣಾ?"

ಹಾಗೆ ಕೇಳಿದಾಗ ಅವನ ಕೈ ಸ್ಟೇರಿಂಗ್ ಮೇಲಿತ್ತು. ನನ್ನ ಸೀಟಿನ ಮೇಲೆ ಅವನು ಕೂತಿದ್ದ. ಎಡಗಡೆಯ ಕಿಟಕಿಯಿಂದ ರಸ್ತೆ ಬೇರೆಯೇ ಕಾಣುತ್ತದೆ, ಗೊತ್ತೇ? ಎಲ್ಲವೂ ನಮ್ಮನ್ನು ಬಿಟ್ಟು ಹೋಗುತ್ತಿದ್ದಂತೆ.

"ರಿವರ್ಸ ಸರಿ ಇಲ್ಲಂತ" ಅಂದೆ.

ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಮೊದಲೇ ಯೋಚಿಸಿಟ್ಟ ಸುಳ್ಳಲ್ಲ ಅದು. ಬಾಯಿ ತೆರೆದಾಗ ಅದೇ ಮುಂದೆ ನಿಂತಿತ್ತು.

ಮುಂದಿನ ಏಳು ದಿನ ಅವನು ಹಿಂದಕ್ಕೆ ಹೋಗುವುದನ್ನು ಕಲಿತ. ಭಟ್ಟಿಯ ಅಂಗಳದಲ್ಲಿ ಹಸಿ ಹಂಚುಗಳನ್ನು ಎರಡು ಸಾಲು ಒಟ್ಟಿರುತ್ತಿದ್ದರು. ಆ ಸಾಲುಗಳ ನಡುವೆ, ಎರಡೂ ಕಡೆ ಒಂದೊಂದು ಗೇಣು ಬಿಟ್ಟು, ಲಾರಿಯನ್ನು ಹಿಂದಕ್ಕೆ ತರುತ್ತಿದ್ದ. ಹೆಂಗಸರು ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ನೋಡಲು ಕೂರುತ್ತಿದ್ದರು. "ಈರಪ್ಪಣ್ಣಾ, ಇನ್ನ ಮುಂದಕ್ಕ ಹೋಗೂದ ಮರತೀಯಪಾ!" ಎಂದು ಚಾಷ್ಟಿ ಮಾಡುತ್ತಿದ್ದರು. ನಾನು ಕೆಳಗೆ ನಿಂತು "ಬರ್ಲಿ, ಬರ್ಲಿ" ಎಂದು ಕೈ ಬೀಸುತ್ತಿದ್ದೆ. ನನಗಿಂತ ನಿಷ್ಠೆಯಿಂದ ಯಾರೂ ಕೈ ಬೀಸಿರಲಿಕ್ಕಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಅವನ ರಿವರ್ಸ್ ನೋಡಲು ಆಫೀಸಿನ ಜವಾನ ಕೂಡ ಹೊರಗೆ ಬಂದ. ಆಮೇಲೆ "ನಿಲ್ಸು" ಬಂತು. ಲಾರಿ ಮೂವತ್ತು ಹೆಜ್ಜೆ ಮುಂದೆ, ಎಮ್ಮೆಯ ಹಾಗೆ ಮಲಗಿತು. ಈರಪ್ಪ ಕಾಗದಕ್ಕಾಗಿ ಕಿಟಕಿಗೆ ಹೋದಾಗ ಸಾಹೇಬರು ನನ್ನನ್ನು ನೋಡಿ, "ಹೇಳಿದ್ರೇನ್ರೀ?" ಅಂದರು.

"ಹೇಳೀನ್ರಿ."

"ಮತ್ತೂ ಹಾಗೇ ಮಾಡ್ತಾನಲ್ಲ. ಇನ್ನೊಂದು ಸಲ ಹೇಳಿ."

ಆ ಸಲ ನಾನು ತಮ್ಮನಿಗೆ ಹೇಳಿದ್ದು ಕೈಸನ್ನೆ ಸರಿ ಇಲ್ಲ ಎಂದು. ಆಗೆಲ್ಲ ತಿರುಗುವ ಮುಂಚೆ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಚಾಚಿ ತೋರಿಸಬೇಕಿತ್ತು. ಅವನಿಗೆ ಆ ಏಳು ದಿನ ಬೇರೆ ಲೋಕವೇ ಇಲ್ಲ. ಬಾವಿಗೆ ಹೊರಟರೂ ಬಲಗೈ ಚಾಚಿ ಓಣಿ ತಿರುಗುತ್ತಿದ್ದ. ಊಟಕ್ಕೆ ಕೂತಲ್ಲಿ ಸುಮ್ಮನೆ ಕೈ ಹೊರಗೆ ಚಾಚಿದರೆ ನೀಲವ್ವ, "ರೊಟ್ಟಿ ಬೇಕಾದ್ರ ಬಾಯಿಲೆ ಕೇಳ್ರಿ, ಹಿಂಗ ಪೋಲೀಸರಂಗ ಕೈ ಮಾಡಬ್ಯಾಡ್ರಿ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ನನ್ನ ನಗುವಿನ ಸದ್ದು ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಬರುತ್ತಿತ್ತೇನೋ, ಅವ್ವ ಒಮ್ಮೆ ನನ್ನ ಕಡೆ ನೋಡಿದಳು.

ಮೂರನೆಯ ಪರೀಕ್ಷೆಗೆ ಹೊರಟಾಗ ಅವ್ವ ಲಾರಿಯ ಬಾಗಿಲಿಗೆ ಬಂದು ನಿಂತಳು. ಈರಪ್ಪ, "ಇವತ್ತ ಪಾಸಾದ್ರ ಅವ್ವಾ, ಮುಂದಿನ ಸೋಮವಾರ ನಿನ್ನ ಬಾಜು ಕುಂದರಿಸ್ಕೊಂಡ ಬೆಳಗಾವಿಗೆ ಒಯ್ತೇನಿ. ಕುಂದಾ ತಿನಸ್ತೇನಿ" ಅಂದ. ಹಾಲಿನ ಆ ಸಿಹಿ ಎಂದರೆ ಅವ್ವನಿಗೆ ಜೀವ. ಮದುವೆಮನೆಗಳಿಂದ ಅದನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಳು. ಅಲ್ಲೇ, ದಾರಿಯಲ್ಲೇ ಹೇಳಿಬಿಡಬೇಕು ಎಂದು ನಾನು ಅಂದುಕೊಂಡೆ. ದೇಸೂರು ದಾಟಿದ ಮೇಲೆ ಹೇಳೋಣ ಅಂದುಕೊಂಡೆ. ಬೆಳಗಾವಿ ಕಾಣಲಿ ಅಂದುಕೊಂಡೆ. ಬೇವಿನ ಮರ ಬಂತು.

ಆ ಸಲ ಸಾಹೇಬರು ನನ್ನ ಹತ್ತಿರ ಬರಲೂ ಇಲ್ಲ. ಫೈಲು ಮುಚ್ಚಿ ಒಳಗೆ ಹೋದರು. ಎರಡೆರಡು ಸಲ ಹೇಳಿದರೂ ಕೇಳದ ಹುಡುಗ ಎಂದು ತಿಳಿದಿರಬೇಕು.

ಬರುವಾಗ ಲಾರಿ ನಾನೇ ಹೊಡೆದೆ. ಅವನು ತೊಡೆಯ ಮೇಲೆ ತಗಡುಗಳನ್ನು ಇಟ್ಟುಕೊಂಡು ಎಡಗಡೆ ಕೂತಿದ್ದ. ಬಹಳ ದೂರ ಬಂದ ಮೇಲೆ, "ನಾನ ಹೋಗಿ ಸಾಹೇಬ್ರನ್ನ ಕೇಳಲೇನು ಅಣ್ಣಾ, ನಂದೇನ ತಪ್ಪಂತ?" ಅಂದ.

"ದೊಡ್ಡವರ್ನ ಹಂಗ ಎದುರ ನಿಂತ ಕೇಳಬಾರದು. ಸಿಟ್ಟಿಗೆ ಬರ್ತಾರ" ಅಂದೆ.

ಅವನು ತಲೆ ಆಡಿಸಿದ. ನಾನು ಅಣ್ಣ, ಅಣ್ಣ ಹೇಳಿದ್ದಕ್ಕೆ ತಲೆ ಆಡಿಸುವುದು ಅವನ ಅಭ್ಯಾಸ. ಎರಡು ತಿಂಗಳು ಕಾಯುವಷ್ಟರಲ್ಲಿ ಕಚ್ಚಾ ಕಾಗದದ ಮುದ್ದತು ತೀರಿತು. ಹೊಸದು ಮಾಡಿಸು ಎಂದು ಮಾಲಕರು ಹೇಳಿದರು. ಅವನು, "ಬ್ಯಾಡ್ರಿ. ನನ್ನ ಕಾಲಿಗೆ ಗಾಡಿ ಹೊಂದೂದಿಲ್ಲ" ಅಂದ. ಒಂದು ತಗಡು ಎಲ್ಲಿ ಹೋಯಿತೋ, ಇನ್ನೊಂದು ಹಂಡೆಯ ಮೇಲೆ ಕೂತಿತು. ಅವ್ವ ಕುಂದಾ ತಿನ್ನಲು ಬೆಳಗಾವಿಗೆ ಹೋದದ್ದು ನನ್ನ ಬಾಜು ಕೂತು. ಮುಂದೆ ಮೂರನೆಯವರಿಗೆ ಇಕ್ಕಟ್ಟು ಎಂದು ಈರಪ್ಪ ಹಿಂದೆ, ಹಂಚಿನ ಮೇಲೆ ಕೂತಿದ್ದ.

ಆಮೇಲೆ ಅವನು ಹಂಚು ತುಂಬುವ ಕೆಲಸ ಹಿಡಿದ. ಸಾಲಿಗೊಂದು ಭತ್ತದ ಹುಲ್ಲಿನ ಪದರ, ಮೂಲೆಗೆ ಹುಲ್ಲಿನ ಸುರುಳಿ. ತೊಟ್ಟಿಲಲ್ಲಿ ಕೂಸು ಮಲಗಿಸಿದ ಹಾಗೆ ತುಂಬುತ್ತಿದ್ದ. ಆಗ ಒಂದು ಚೋದ್ಯ ನಡೆಯಿತು. ನನ್ನ ಒಡಕು ನಿಂತಿತು. ನಾನು ಹೊಡೆಯುವ ರೀತಿ ಮೊದಲಿನದೇ, ಬ್ರೇಕು ಅದೇ, ಗುಂಡಿ ಅವೇ. ಆದರೆ ಹಂಚು ಅಲುಗುತ್ತಿರಲಿಲ್ಲ. ಮನೆಯ ಮುಂದಿನ ಗುಡ್ಡ ಮಳೆಗಾಲಕ್ಕೊಮ್ಮೆ ರಸ್ತೆಯ ಗುಂಡಿಗೆ ಹೋಗುತ್ತ ಸವೆಯಿತು. ಓಣಿಯವರು, "ಮಲ್ಲಪ್ಪನ ಕೈ ಈಗ ಪಳಗೇತಿ ನೋಡ್ರಿ, ಅಪ್ಪನಂಗ" ಎಂದರು. ಹಬ್ಬದ ದಿನ ಮಾಲಕರು ನನ್ನ ತಲೆಗೆ ಪಟಗಾ ಸುತ್ತಿದರು. ಕೆಳಗೆ ನಿಂತು ಈರಪ್ಪ ಚಪ್ಪಾಳೆ ತಟ್ಟಿದ, ಅಂಗೈಯಲ್ಲಿ ಹುಲ್ಲಿನ ಗೀರು ಇತ್ತು.

ಒಂದು ಸಲ ಲೋಂಡಾ ಕಡೆ ಮಾಲು ಒಯ್ಯುತ್ತಿದ್ದೆವು. ಕಾಡಿನ ತಿರುವಿನಲ್ಲಿ ಒಂದು ಎಮ್ಮೆಕರು ಚೆಂಗನೆ ಅಡ್ಡ ಬಂತು. ನಾನು ಒತ್ತಿದೆ. ಲಾರಿ ಕರುವಿನ ಮೂಗಿಗೆ ಮೂಗು ತಾಗುವಂತೆ ನಿಂತಿತು. ಹಿಂದೆ ಚಟಪಟ ಎಂದು ಸದ್ದಾಯಿತು. ಅವನ ಹುಲ್ಲಿಗೂ ಒಂದು ಮಿತಿ ಉಂಟಲ್ಲ. ಈರಪ್ಪ ಇಳಿದು ಹಂಚು ನೋಡಲಿಲ್ಲ, ಮೊದಲು ಕರುವನ್ನು ಕೈಯಿಂದ ಸವರಿ ಬದಿಗೆ ದಾಟಿಸಿದ. ಬಂದು ಕೂತು, ನಗುತ್ತ, "ನಾನಾಗಿದ್ರ ಹಂಚ ಉಳೀತಿದ್ದು ಅಣ್ಣಾ, ಕರಾ ಹೋಗತಿತ್ತು. ಅದಕ್ಕ ನೀ ಡ್ರೈವರ, ನಾ ಅಲ್ಲ" ಅಂದ.

ಸುಮ್ಮನೆ ಆಡಿದ ಮಾತು. ಸಾಹೇಬರು ಹೇಳಿದ್ದನ್ನೇ, ಕೇಳದೆಯೇ, ಅವನು ನನ್ನ ಮುಂದೆ ಇಟ್ಟಿದ್ದ. ನಾನು ಗೇರು ಹಾಕಿದೆ. ನನ್ನನ್ನು ಹಂಚು ಒಡೆಯುವವನನ್ನಾಗಿ ಮಾಡಿದ ಒರಟುತನವೇ ನನ್ನನ್ನು ಪಾಸು ಮಾಡಿಸಿತ್ತು. ಅವನನ್ನು ಒಳ್ಳೆಯವನನ್ನಾಗಿ ಮಾಡಿದ ಅಪ್ಪನ ಪಾಠವೇ ಅವನನ್ನು ಕೆಡವಿತ್ತು. ಒಂದು ವಾರ ಸಾಕಿತ್ತು, ಅವನ ಕಾಲಿಗೆ ಇದನ್ನು ಕಲಿಸಲು. ರಿವರ್ಸ್ ಕಲಿತವನಿಗೆ ಇದೇನು ದೊಡ್ಡದು?

ಇನ್ನು ತಗಡಿಗೆ ಬರುತ್ತೇನೆ. ಶೋಭಾ ಹತ್ತೊಂಬತ್ತರ ಹುಡುಗಿ, ಊರ ಹೊರಗಿನ ಒಂದು ಹಳ್ಳಿಯ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಬಸ್ಸು ಸಿಗದೆ ನಡೆದು ನಡೆದು ಸಾಕಾಗಿ ಒಂದು ಹಳೆಯ ಮೊಪೆಡ್ ಮಾಡಿಕೊಂಡಿದ್ದಳು. ಅವಳ ಪಕ್ಕಾ ಪರೀಕ್ಷೆಗೆ ಜೊತೆ ಹೋಗಬೇಕಾದಾಗ ಈರಪ್ಪ, "ಅಣ್ಣಾ, ನೀನ ಹೋಗು. ನನ್ನ ಕಾಲಗುಣಾ ಆ ಆಫೀಸಿಗೆ ಸರಿ ಇಲ್ಲ" ಅಂದ. ನಾನು ಹೋದೆ.

ಬೇವಿನ ಮರ ಇತ್ತು. ಸಾಹೇಬರು ಬೇರೆ, ಎಳೆ ವಯಸ್ಸು. ಸುಣ್ಣದಲ್ಲಿ ಬರೆದ ಎಂಟರ ಆಕಾರದ ಗೆರೆಯ ಮೇಲೆ ಕಾಲು ಊರದೆ ಸುತ್ತಬೇಕು. ಶೋಭಾ ಎರಡು ಕಡೆ ಕಾಲೂರಿದಳು. ನಪಾಸು. ಕಣ್ಣೀರು ಕಾಣಬಾರದೆಂದು ಆಫೀಸಿನ ಹಿಂದಿನ ನಳದ ಕಡೆ ನಡೆದಳು. ಆ ಸಾಹೇಬರು ನನ್ನತ್ತ ತಿರುಗಿ ಅಂದರು:

"ಅಜ್ಜಾ, ನಿಮ್ಮ ಹುಡುಗಿ ಮುಂದಿನ ಗಾಲಿ ನೋಡಿಕೋತ ಹೊಡೀತಾಳ. ಗಾಲಿ ಬಿಟ್ಟು ಹೋಗೋ ದಾರಿ ನೋಡಂತ ಹೇಳ್ರಿ. ಏಳು ದಿನ ಬಿಟ್ಟು ಕರಕೊಂಡು ಬರ್ರಿ."

ನನಗೆ ಅಜ್ಜನ ವಯಸ್ಸಲ್ಲ, ಐವತ್ತಕ್ಕೂ ಎರಡು ಕಡಿಮೆ. ಆದರೆ ವಾದಿಸಲು ಪುರುಸೊತ್ತಿರಲಿಲ್ಲ. ನಾನು ಓಡಿದೆ. ನಿಜವಾಗಿ ಓಡಿದೆ. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಇಲ್ಲ. ಲೈಸೆನ್ಸಿಗೆ ಸಾಲು ಹಿಡಿದು ನಿಂತವರು ಯಾರಿಗೋ ಏನೋ ಆಗಿದೆ ಎಂದು ದಾರಿ ಬಿಟ್ಟರು. ನಳದ ಹತ್ತಿರ ಹೋಗಿ ಏದುಸಿರು ಬಿಡುತ್ತ, "ಗಾಲಿ ನೋಡಬ್ಯಾಡ, ದಾರಿ ನೋಡು! ಗಾಲಿ ನೋಡಬ್ಯಾಡ, ದಾರಿ ನೋಡು!" ಎಂದು ಎರಡು ಸಲ ಹೇಳಿದೆ. ಶೋಭಾ ಅಳುವುದು ಮರೆತು, "ಅಷ್ಟ ಹೇಳಾಕ ಹಿಂಗ ಓಡಿ ಬಂದ್ಯಾ ದೊಡ್ಡಪ್ಪಾ? ಸಾಯ್ತಿದ್ದ್ಯಲ್ಲಾ!" ಎಂದು ನಕ್ಕಳು.

ಏಳು ದಿನ ಭಟ್ಟಿಯ ಅಂಗಳದಲ್ಲಿ ಎಂಟು ಬರೆದು ಸುತ್ತಿಸಿದೆ. ಎಂಟನೆಯ ದಿನ ಪಾಸಾದಳು. ಸಂಜೆ ಈರಪ್ಪನ ಹಿತ್ತಲಲ್ಲಿ ಕೂತೆವು. ಶೋಭಾ ಬೆಳಗಾವಿಯಿಂದ ತಂದ ಕುಂದಾವನ್ನು ನೀಲವ್ವ ಎಲೆಯ ಮೇಲೆ ಹಾಕಿಕೊಟ್ಟಳು. ಒಂದು ತುಂಡನ್ನು ಅವ್ವನ ಫೋಟೋದ ಮುಂದೆ ಇಟ್ಟಿದ್ದಳು. ನಮ್ಮ ಕಾಲ ಕೆಳಗೆ ನೆಲಕ್ಕೆ ಹಾಸಿದ್ದು ನನ್ನ ಹಳೆಯ ಒಡಕು ಹಂಚುಗಳು, ನೀರಾಡಿ ನೀರಾಡಿ ನುಣ್ಣಗಾಗಿದ್ದವು. ತಗಡು ಮತ್ತೆ ಹಂಡೆಯ ಮೇಲೆ ಕೂತಿತ್ತು.

ಶೋಭಾ ತಾನು ಅತ್ತದ್ದು, ನಾನು ಓಡಿದ್ದು, ಚಪ್ಪಲಿ ಕಿತ್ತದ್ದು ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಈರಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಬೆರಳಿಗಂಟಿದ ಕುಂದಾ ನೆಕ್ಕುತ್ತ, ಯಾರಿಗೂ ಅಲ್ಲದ ಹಾಗೆ ಅಂದ:

"ಈಗಿನ ಸಾಹೇಬ್ರು ಛಲೋ ಅದಾರ ಬಿಡು. ಏನ ತಪ್ಪಂತ ಬಿಡಿಸಿ ಹೇಳ್ತಾರ. ನನ್ನ ಸಾಹೇಬ್ರು ಇಂಥಾದ್ದೊಂದ ಮಾತ ಹೇಳಿದ್ರ ಸಾಕಿತ್ತು."

ನೀಲವ್ವ, "ಹೋಗ್ಲಿ ಬಿಡ್ರಿ, ಹಳೇದ್ಯಾಕ" ಎಂದು ಖಾಲಿ ಎಲೆ ಎತ್ತಿಕೊಂಡು ಒಳಗೆ ಹೋದಳು. ಶೋಭಾ ಅವಳ ಹಿಂದೆ ಹೋದಳು. ನಾವಿಬ್ಬರೇ ಉಳಿದೆವು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ದೇಸೂರು ದಾಟಲಿ ಎಂದು ಮುಂದೂಡಲು ಅಲ್ಲಿ ಯಾವ ಊರೂ ಇರಲಿಲ್ಲ. ನಾನು ಕಟ್ಟೆಯಿಂದ ಇಳಿದು ಅವನ ಎದುರು, ಕೆಳಗೆ, ಆ ಹಂಚಿನ ಮೇಲೆ ಕೂತೆ.

"ಅಲ್ಲ್ಯಾಕ ಕುಂತ್ಯೋ ಅಣ್ಣಾ, ಹಸಿ ಐತಿ" ಅಂದ.

"ಹೇಳಿದ್ರೋ ಈರ್ಯಾ. ನಿನ್ನ ಸಾಹೇಬ್ರೂ ಹೇಳಿದ್ರು, ಮೊದಲನೇ ದಿನಾನ. ನಿಂದ್ರು ಅಂದ ಕೂಡ್ಲೆ ಒತ್ತಿ ನಿಂದ್ರಸಬೇಕಂತ ನಿಮ್ಮ ತಮ್ಮಗ ಹೇಳ್ರಿ, ಅದೊಂದ ಕಲತ್ರ ಪಾಸ ಮಾಡ್ತೇನಿ ಅಂದಿದ್ರು. ರಿವರ್ಸೂ ಅಲ್ಲ, ಕೈ ಮಾಡೂದೂ ಅಲ್ಲ. ಅವು ಎರಡೂ ನಾ ಹುಟ್ಟಿಸಿ ಹೇಳಿದ್ದು. ನಿನಗ ಸೀಟ ಬಿಟ್ಟಕೊಡಾಕ ನನ್ನ ಕಡೆ ಆಗಲಿಲ್ಲ. ತಪ್ಪ ಮಾಡೀನೋ ತಮ್ಮಾ, ದೊಡ್ಡ ತಪ್ಪ ಮಾಡೀನಿ. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೊ."